ವಿದ್ಯಾರ್ಥಿ ತಂಡದ ಗೇಮ್ ಪ್ರಾಜೆಕ್ಟಿಗೆ ಗೊಡೊ ಎಂಜಿನ್: ಒಂದು ವಿಮರ್ಶೆ

ಗೇಮ್ ಎಂಜಿನ್‌ಗಳ, ಅಂದರೆ ಗೇಮ್ ಕಟ್ಟಲು ಬಳಸುವ ತಂತ್ರಾಂಶಗಳ, ಬಗ್ಗೆ ಬರುವ ವಿಮರ್ಶೆಗಳು ಹೆಚ್ಚಾಗಿ ಗ್ರಾಫಿಕ್ಸ್‌ನ ಗುಣಮಟ್ಟ, ವೇಗ ಮತ್ತು ಸೌಲಭ್ಯಗಳ ಸುತ್ತಲೇ ಸುತ್ತುತ್ತವೆ. ಆದರೆ ನಾಲ್ಕೈದು ಮಂದಿ ಸೇರಿ, ಬೇರೆ ಪಾಠ ಪರೀಕ್ಷೆಗಳ ನಡುವೆ, ಒಂದೇ ಸೆಮಿಸ್ಟರಿನಲ್ಲಿ ಗೇಮೊಂದನ್ನು ಮುಗಿಸಿ ಒಪ್ಪಿಸಬೇಕಾದ ವಿದ್ಯಾರ್ಥಿ ತಂಡ ಕೇಳಬೇಕಾದ ಪ್ರಶ್ನೆ ಬೇರೆ. ಒಬ್ಬರ ಕೆಲಸ ಇನ್ನೊಬ್ಬರದನ್ನು ಕೆಡಿಸದಂತೆ, ಒಬ್ಬರಿಗಾಗಿ ಉಳಿದವರೆಲ್ಲ ಕಾಯುತ್ತ ಕೂರದಂತೆ ಕೆಲಸ ಹಂಚಿಕೊಳ್ಳಲು ಎಂಜಿನ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದೇ ಆ ಪ್ರಶ್ನೆ. ಗೊಡೊ ಎಂಜಿನ್ನಿನ 4ನೇ ಸರಣಿಯನ್ನು, ವಿಶೇಷವಾಗಿ 4.4ನೇ ಆವೃತ್ತಿಯನ್ನು, ಈ ದೃಷ್ಟಿಯಿಂದಲೇ ಇಲ್ಲಿ ಪರಿಶೀಲಿಸಿದ್ದೇನೆ.

ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಆರಿಯಲ್ ಮಂಜೂರ್ ರೂಪಿಸಿದ ಈ ಎಂಜಿನ್ 2014ರಲ್ಲಿ ಎಂಐಟಿ ಪರವಾನಗಿಯಡಿ ಮುಕ್ತ ತಂತ್ರಾಂಶವಾಯಿತು. 2023ರ ಸೆಪ್ಟೆಂಬರಿನಲ್ಲಿ ಇನ್ನೊಂದು ಗೇಮ್ ಎಂಜಿನ್ ತಯಾರಿಸುವ ಯೂನಿಟಿ ಸಂಸ್ಥೆ, ಅದರಲ್ಲಿ ಮಾಡಿದ ಗೇಮಿನ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ವಿಧಿಸುವುದಾಗಿ ಪ್ರಕಟಿಸಿದಾಗ ಅನೇಕ ಗೇಮ್ ತಯಾರಕರು ಗೊಡೊ ಕಡೆಗೆ ತಿರುಗಿದರು. ಒಂದು ವರ್ಷದ ಬಳಿಕ ಯೂನಿಟಿ ಆ ಶುಲ್ಕವನ್ನು ಕೈಬಿಟ್ಟಿತು. ಕಾಲೇಜು ಪ್ರಾಜೆಕ್ಟುಗಳಿಗೆ ಆ ಶುಲ್ಕ ತಟ್ಟುವ ಸಂಭವವೇ ಇರಲಿಲ್ಲವಾದ್ದರಿಂದ, ಅದೊಂದೇ ಕಾರಣಕ್ಕೆ ಎಂಜಿನ್ ಬದಲಿಸುವುದರಲ್ಲಿ ಅರ್ಥವಿಲ್ಲ. ವಿದ್ಯಾರ್ಥಿಗಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ಗುಣ: ಎಡಿಟರ್ ನೂರು ಮೆಗಾಬೈಟ್ ಆಸುಪಾಸಿನ ಒಂದೇ ಡೌನ್‌ಲೋಡ್. ಅದಕ್ಕೆ ಖಾತೆ ಬೇಕಿಲ್ಲ, ಇನ್‌ಸ್ಟಾಲ್ ಮಾಡುವ ಗೊಡವೆಯೂ ಇಲ್ಲ. ಅಡ್ಮಿನ್ ಪಾಸ್‌ವರ್ಡ್ ಸಿಗದ ಲ್ಯಾಬ್ ಕಂಪ್ಯೂಟರಿನಲ್ಲೂ ಪೆನ್ ಡ್ರೈವಿನಿಂದ ನೇರವಾಗಿ ತೆರೆದು ಕೆಲಸ ಆರಂಭಿಸಬಹುದು.

ಗೊಡೊ ತಂಡದ ಕೆಲಸಕ್ಕೆ ಹೊಂದುವುದಕ್ಕೆ ಮುಖ್ಯ ಕಾರಣ ಅದರ ಸೀನ್ ವ್ಯವಸ್ಥೆ. ಇತರ ಎಂಜಿನ್‌ಗಳಲ್ಲಿ ಸೀನ್ ಎಂದರೆ ಸಾಮಾನ್ಯವಾಗಿ ಒಂದು ಇಡೀ ಲೆವೆಲ್. ಇಲ್ಲಿ ಒಂದು ನಾಣ್ಯ, ಒಂದು ಬಾಗಿಲು, ಒಂದು ಮೆನು ಕೂಡ ತನ್ನದೇ ಕಡತವುಳ್ಳ ಸ್ವತಂತ್ರ ಸೀನ್ ಆಗಬಹುದು. ಉದಾಹರಣೆಗೆ, ಎಳೆದರೆ ಬಾಗಿಲು ತೆರೆಯುವ ಲಿವರ್ ಒಂದನ್ನು ಮಾಡಬೇಕೆಂದುಕೊಳ್ಳೋಣ. ಲಿವರ್‌ನ ಚಿತ್ರ, ಆಟಗಾರ ಹತ್ತಿರ ಬಂದದ್ದನ್ನು ಗುರುತಿಸುವ ಏರಿಯಾ ನೋಡ್ (ನೋಡ್ ಎಂದರೆ ಸೀನಿನ ಒಂದು ಬಿಡಿ ಘಟಕ), ಕಿರುಗುಟ್ಟುವ ಸದ್ದು ಮತ್ತು ಒಂದು ಸಣ್ಣ ಸ್ಕ್ರಿಪ್ಟ್ ಸೇರಿ ಒಂದು ಸೀನ್ ಆಗುತ್ತದೆ. ಬಾಗಿಲು ಎಲ್ಲಿದೆ, ಹೇಗಿದೆ ಎಂಬುದು ಲಿವರ್‌ಗೆ ಗೊತ್ತಿರಬೇಕಾಗಿಲ್ಲ. ತನ್ನನ್ನು ಎಳೆಯಲಾಯಿತು ಎಂದು ಅದು ಒಂದು ಸಿಗ್ನಲ್ ಹೊರಡಿಸಿದರೆ ಸಾಕು, ಆ ಸಿಗ್ನಲ್ ಅನ್ನು ಬಾಗಿಲಿಗೆ ಜೋಡಿಸುವುದು ಲೆವೆಲ್ ಕಟ್ಟುವವರ ಕೆಲಸ. ಲಿವರ್ ಮಾಡುವ ವಿದ್ಯಾರ್ಥಿ ಎಫ್6 ಕೀಲಿ ಒತ್ತಿ ಆ ಸೀನನ್ನು ಮಾತ್ರ ಓಡಿಸಿ ಪರೀಕ್ಷಿಸಬಹುದು. ಬಾಗಿಲು ಇನ್ನೂ ಸಿದ್ಧವಾಗಿಲ್ಲ, ಲೆವೆಲ್ ಇನ್ನೂ ಕಾಗದದ ಮೇಲಿದೆ ಎಂಬ ಕಾರಣಕ್ಕೆ ಆಕೆಯ ಕೆಲಸ ನಿಲ್ಲುವುದಿಲ್ಲ. ಮೊದಲ ವಾರದಲ್ಲಿ ತಂಡ ಒಟ್ಟಿಗೆ ಕೂತು ಯಾವ ಸೀನ್ ಯಾರದು, ಯಾವ ಸೀನ್ ಯಾವ ಸಿಗ್ನಲ್ ಕೊಡುತ್ತದೆ ಎಂಬ ಒಂದು ಪುಟದ ಪಟ್ಟಿ ಮಾಡಿಕೊಂಡರೆ, ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಠ್ಯಗಳು ಅಧ್ಯಾಯಗಟ್ಟಲೆ ವಿವರಿಸುವ ಇಂಟರ್‌ಫೇಸ್ ಎಂಬ ಕಲ್ಪನೆ ತಾನಾಗಿಯೇ ಕೈಗೆ ಹತ್ತುತ್ತದೆ.

ಸೀನ್ ಕಡತಗಳು ಪಠ್ಯರೂಪದಲ್ಲಿರುವುದರಿಂದ, ತಂಡದ ಎಲ್ಲರ ಬದಲಾವಣೆಗಳನ್ನು ದಾಖಲಿಸಿ ಒಂದುಗೂಡಿಸುವ ಗಿಟ್ ಎಂಬ ತಂತ್ರಾಂಶದಲ್ಲಿ ಯಾರು ಏನು ಬದಲಿಸಿದರು ಎಂಬುದನ್ನು ಓದಿ ತಿಳಿಯಬಹುದು. ಅನ್‌ರಿಯಲ್ ಎಂಜಿನ್ನಿನ ಅಸೆಟ್‌ಗಳು (ಗೇಮಿನ ಸಾಮಗ್ರಿ) ಹಾಗೆ ಓದಲಾಗದ ಬೈನರಿ ರೂಪದಲ್ಲಿರುವ ಕಾರಣ ಅಲ್ಲಿ ಒಬ್ಬರು ಕಡತಕ್ಕೆ ಲಾಕ್ ಹಾಕಿ ಇನ್ನೊಬ್ಬರು ಕಾಯುವ ಪದ್ಧತಿ ಅನಿವಾರ್ಯವಾಗುತ್ತದೆ. ಹಾಗೆಂದು ಗೊಡೊದಲ್ಲಿ ಮರ್ಜ್ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳು ಒಂದಕ್ಕೊಂದು ತಾಕಿ ಗಿಟ್‌ಗೆ ಕೂಡಿಸಲಾಗದ ಸ್ಥಿತಿ) ಬರುವುದೇ ಇಲ್ಲ ಎಂದಲ್ಲ. ಇಬ್ಬರು ಒಂದೇ ಲೆವೆಲ್ ಸೀನಿಗೆ ಬೇರೆ ಬೇರೆ ಚಿತ್ರಗಳನ್ನು ಸೇರಿಸಿದರೆ, ಕಡತದ ಮೊದಲ ಸಾಲಿನಲ್ಲಿರುವ ಸಂಪನ್ಮೂಲಗಳ ಎಣಿಕೆಯೇ ಇಬ್ಬರಲ್ಲೂ ಬದಲಾಗಿ ಗಿಟ್ ಮುಗ್ಗರಿಸುತ್ತದೆ. ಇಡೀ ಗೇಮನ್ನು ಒಂದೇ ದೊಡ್ಡ ಸೀನಿನಲ್ಲಿ ತುರುಕುವ ತಂಡಕ್ಕೆ ಇದು ದಿನನಿತ್ಯದ ಕಿರಿಕಿರಿ, ಸೀನುಗಳನ್ನು ಒಡೆದುಕೊಂಡ ತಂಡಕ್ಕೆ ಅಪರೂಪದ ಘಟನೆ. ಗಿಟ್‌ಗೆ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬುದರಲ್ಲೂ ಗೊಂದಲವಿದೆ: ಹೆಸರಿನ ಮುಂದೆ ಚುಕ್ಕೆಯಿರುವ ಗೊಡೊ ಫೋಲ್ಡರ್ ಎಂಜಿನ್ ಮತ್ತೆ ತಯಾರಿಸಿಕೊಳ್ಳಬಲ್ಲ ಬರಿಯ ಕ್ಯಾಶ್ ಆದ್ದರಿಂದ ಅದನ್ನು ಬಿಡಬೇಕು, ಆದರೆ ಪ್ರತಿ ಚಿತ್ರದ ಪಕ್ಕದಲ್ಲಿ ಹುಟ್ಟುವ ಇಂಪೋರ್ಟ್ ಕಡತವನ್ನೂ, 4.4ರಿಂದ ಪ್ರತಿ ಸ್ಕ್ರಿಪ್ಟಿನ ಪಕ್ಕದಲ್ಲಿ ಹುಟ್ಟುವ ಯುಐಡಿ (ಗುರುತಿನ) ಕಡತವನ್ನೂ ತಪ್ಪದೆ ಸೇರಿಸಬೇಕು. ಇವನ್ನು ಕಸವೆಂದು ಅಳಿಸುವ ಒಬ್ಬ ಉತ್ಸಾಹಿ ಸದಸ್ಯ ಪ್ರತಿ ತಂಡದಲ್ಲೂ ಇದ್ದೇ ಇರುತ್ತಾನೆ.

ಗೊಡೊದಲ್ಲಿ ಸ್ಕ್ರಿಪ್ಟ್ ಬರೆಯುವ ಜಿಡಿಸ್ಕ್ರಿಪ್ಟ್ ಭಾಷೆಯ ರೂಪ ಪೈಥಾನ್ ಬಲ್ಲವರಿಗೆ ಪರಿಚಿತವೇ ಆಗಿರುವುದರಿಂದ ಕಲಿಕೆ ಕಷ್ಟವಲ್ಲ. ವೇರಿಯಬಲ್‌ಗಳಿಗೆ ಟೈಪ್ ನಮೂದಿಸುವುದು ಐಚ್ಛಿಕವಾದರೂ, ಇನ್ನೊಬ್ಬರು ಬರೆದ ಸ್ಕ್ರಿಪ್ಟನ್ನು ಓದಬೇಕಾದ ತಂಡಗಳು ಅದನ್ನು ಕಡ್ಡಾಯ ಮಾಡಿಕೊಳ್ಳುವುದು ಒಳ್ಳೆಯದು. ನಿಜವಾದ ತೊಡಕು ಇರುವುದು ಕಲಿಕೆಯ ಸಾಮಗ್ರಿಯಲ್ಲಿ. 2023ರ ಮಾರ್ಚಿನಲ್ಲಿ 4.0 ಬಂದಾಗ ಅನೇಕ ಹೆಸರುಗಳೂ ಪದ್ಧತಿಗಳೂ ಬದಲಾದವು, ಆದರೆ 3ನೇ ಸರಣಿಯ ಪಾಠಗಳು ಅಂತರ್ಜಾಲದಲ್ಲಿ ಈಗಲೂ ತುಂಬಿವೆ. ಕೈನೆಮ್ಯಾಟಿಕ್‌ಬಾಡಿ ಈಗ ಕ್ಯಾರೆಕ್ಟರ್‌ಬಾಡಿ ಆಗಿದೆ, ಯೀಲ್ಡ್ ಹೋಗಿ ಅವೇಟ್ ಬಂದಿದೆ. ಇಂಥ ಹೆಸರುಗಳ ಬದಲಾವಣೆಯನ್ನು ಎಡಿಟರ್ ಕೂಡಲೇ ತೋರಿಸಿಕೊಡುತ್ತದೆ; ಅದು ತೋರಿಸದ ತಪ್ಪುಗಳೇ ಹೆಚ್ಚು ಹೊತ್ತು ತಿನ್ನುತ್ತವೆ. ಮೂವ್ ಅಂಡ್ ಸ್ಲೈಡ್ ಎಂಬ ಕಾರ್ಯ ಫ್ರೇಮುಗಳ ನಡುವಿನ ಕಾಲವನ್ನು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದನ್ನರಿಯದೆ ವೇಗವನ್ನು ಡೆಲ್ಟಾದಿಂದ (ಅಂದರೆ ಆ ಕಾಲದಿಂದ) ಗುಣಿಸಿದರೆ, ಸೆಕೆಂಡಿಗೆ 60 ಬಾರಿ ನಡೆಯುವ ಲೆಕ್ಕಾಚಾರದಲ್ಲಿ, ಸೆಕೆಂಡಿಗೆ 300 ಪಿಕ್ಸೆಲ್ ಓಡಬೇಕಾದ ಪಾತ್ರ ಐದೇ ಪಿಕ್ಸೆಲ್ ತೆವಳುತ್ತದೆ, ಎರರ್ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಎಂಜಿನ್ನಿನ ಅಧಿಕೃತ ದಾಖಲೆಗಳು ಸ್ಪಷ್ಟವಾಗಿವೆ, ಎಡಿಟರಿನೊಳಗೇ ಓದಲು ಸಿಗುತ್ತವೆ. ವೀಡಿಯೊ ಹುಡುಕುವ ಮೊದಲು ಅವನ್ನು ತೆರೆಯುವ ರೂಢಿ ಬೆಳೆಸಿಕೊಳ್ಳಬೇಕು.

ಚಿತ್ರ ಬಿಡಿಸುವವರ ಕಡೆಯಿಂದ ನೋಡಿದರೆ ಅನುಭವ ಮಿಶ್ರವಾಗಿದೆ. ಪಿಕ್ಸೆಲ್ ಕಲೆ ಪೂರ್ವನಿಯೋಜಿತ ಸೆಟ್ಟಿಂಗಿನಲ್ಲಿ ಮಸುಕಾಗಿ ಕಾಣುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್‌ಚರ್ ಫಿಲ್ಟರನ್ನು ನಿಯರೆಸ್ಟ್ ಎಂದು ಬದಲಿಸಿದರೆ ಸರಿಹೋಗುತ್ತದೆ. ಮೂರು ಆಯಾಮದ ಮಾದರಿ ಮಾಡುವ ಬ್ಲೆಂಡರ್ ತಂತ್ರಾಂಶದ ಕಡತಗಳನ್ನು ನೇರವಾಗಿ ಒಳತರುವ ಸೌಲಭ್ಯ ಆಕರ್ಷಕವೆನಿಸಿದರೂ ಅದಕ್ಕೆ ತಂಡದ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಬ್ಲೆಂಡರ್ ಇರಬೇಕಾಗುತ್ತದೆ, ಹಾಗಾಗಿ ಜಿಎಲ್‌ಟಿಎಫ್ ಎಂಬ ಕಡತ ರೂಪಕ್ಕೆ ಬದಲಿಸಿ ಕೊಡುವುದೇ ಲೇಸು. ಕನ್ನಡದಲ್ಲಿ ಸಂಭಾಷಣೆ ಬರೆಯಬೇಕೆನ್ನುವವರಿಗೆ 4ನೇ ಸರಣಿ ದೊಡ್ಡ ಸಮಾಧಾನ: 3ರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲುತ್ತಿದ್ದವು, ಇಲ್ಲಿ ಸರಿಯಾಗಿ ಕೂಡಿಕೊಳ್ಳುತ್ತವೆ. ಫಾಂಟನ್ನು ಮಾತ್ರ ಪ್ರಾಜೆಕ್ಟಿನೊಳಗೇ ಸೇರಿಸಿರಬೇಕು.

ಎಡಿಟರಿನಲ್ಲಿ ಚೆನ್ನಾಗಿ ಓಡಿದ ಗೇಮ್ ಎಕ್ಸ್‌ಪೋರ್ಟ್ ಆದಮೇಲೂ, ಅಂದರೆ ಎಡಿಟರ್ ಇಲ್ಲದೆ ಆಡಬಹುದಾದ ಪ್ಯಾಕೇಜಾದ ಮೇಲೂ, ಹಾಗೆಯೇ ಓಡುತ್ತದೆ ಎಂಬ ನಂಬಿಕೆ ಗೊಡೊದಲ್ಲಿ ಕೈಕೊಡುವುದುಂಟು. ವಿಂಡೋಸ್ ಕಡತದ ಹೆಸರಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳ ನಡುವೆ ಭೇದ ಮಾಡುವುದಿಲ್ಲ, ಎಕ್ಸ್‌ಪೋರ್ಟ್ ಆದ ಪ್ಯಾಕೇಜು ಮಾಡುತ್ತದೆ. ಸ್ಕ್ರಿಪ್ಟಿನಲ್ಲಿ ಪ್ಲೇಯರ್ ಎಂಬ ಹೆಸರಿನ ಮೊದಲಕ್ಷರ ದೊಡ್ಡದಾಗಿ, ಕಡತದಲ್ಲಿ ಚಿಕ್ಕದಾಗಿ ಇದ್ದರೆ ಪ್ರದರ್ಶನದ ದಿನ ಆಟಗಾರನೇ ಮಾಯವಾಗುತ್ತಾನೆ. ಎಲ್ಲ ಕಡತಗಳಿಗೂ ಚಿಕ್ಕ ಅಕ್ಷರಗಳನ್ನೇ ಬಳಸಿದರೆ ಈ ಪ್ರಮೇಯ ಬರುವುದಿಲ್ಲ. ಎಕ್ಸ್‌ಪೋರ್ಟ್ ಟೆಂಪ್ಲೇಟುಗಳು ಎಡಿಟರಿಗಿಂತ ಹಲವು ಪಟ್ಟು ದೊಡ್ಡ, ಪ್ರತ್ಯೇಕ ಡೌನ್‌ಲೋಡ್; ಒಪ್ಪಿಸುವ ಹಿಂದಿನ ರಾತ್ರಿಗೆ ಅದನ್ನು ಉಳಿಸಿಕೊಳ್ಳಬಾರದು. ಬ್ರೌಸರಿನಲ್ಲಿ ಆಡಿಸುವ ಯೋಜನೆಯಿದ್ದರೆ ಎರಡು ಸಂಗತಿಗಳನ್ನು ಆರಂಭದಲ್ಲೇ ತೀರ್ಮಾನಿಸಬೇಕು. ಈ ಆವೃತ್ತಿಯಲ್ಲಿ ಸಿ ಶಾರ್ಪ್ ಭಾಷೆಯಲ್ಲಿ ಬರೆದ ಗೇಮ್‌ಗಳನ್ನು ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಲಾಗುವುದಿಲ್ಲ, ಮತ್ತು ವೆಬ್‌ನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ರೆಂಡರರ್‌ಗಳ ಪೈಕಿ ಕಂಪ್ಯಾಟಿಬಿಲಿಟಿ ಒಂದೇ ನಡೆಯುತ್ತದೆ. ಹಳೆಯ ಲ್ಯಾಬ್ ಯಂತ್ರಗಳಿಗೂ ಅದೇ ರೆಂಡರರ್ ಹೊಂದುವುದರಿಂದ ಎರಡು ಆಯಾಮದ ಗೇಮ್ ಮಾಡುವವರು ಮೊದಲಿನಿಂದಲೂ ಅದನ್ನೇ ಆರಿಸಿಕೊಳ್ಳಬಹುದು. 4.0ರಿಂದ 4.2ರವರೆಗೆ ವೆಬ್ ಗೇಮ್‌ಗಳಿಗೆ ಸರ್ವರಿನಲ್ಲಿ ವಿಶೇಷ ವ್ಯವಸ್ಥೆ ಬೇಕಾಗುತ್ತಿತ್ತು. 2024ರ ಆಗಸ್ಟಿನಲ್ಲಿ ಬಂದ 4.3 ಆ ನಿರ್ಬಂಧವನ್ನು ನೀಗಿಸಿತು.

ವಿಶಾಲವಾದ ಮೂರು ಆಯಾಮದ ಲೋಕ, ನೈಜ ಬೆಳಕು ನೆರಳು ಬೇಕೆನ್ನುವವರಿಗೆ ಅನ್‌ರಿಯಲ್ ಹೆಚ್ಚು ಸಿದ್ಧವಾಗಿದೆ. ಕೊಂಡು ಬಳಸುವ ಸಿದ್ಧ ಸಾಮಗ್ರಿಯಲ್ಲಿ ಯೂನಿಟಿ ಮುಂದಿದೆ. ಕನ್ಸೋಲ್‌ಗಳಿಗೆ ಗೊಡೊ ತಾನಾಗಿ ಎಕ್ಸ್‌ಪೋರ್ಟ್ ಕೊಡುವುದಿಲ್ಲ, ಅದಕ್ಕೆ ಹೊರಗಿನ ಸಂಸ್ಥೆಗಳನ್ನು ಆಶ್ರಯಿಸಬೇಕು. ಇವು ವಿದ್ಯಾರ್ಥಿ ತಂಡವೊಂದಕ್ಕೆ ಕೊರತೆಗಳೆಂದು ನನಗೆ ಅನಿಸುವುದಿಲ್ಲ. ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ಮಾಡಿದ ನಾರ್ಬ್ಯಾಕ್ಯುಲರ್ ಡ್ರಾಪ್ ಎಂಬ ಗೇಮ್ ಗೋಡೆಗಳಲ್ಲಿ ಜೋಡಿ ದ್ವಾರ ತೆರೆಯುವ ಒಂದೇ ಕಲ್ಪನೆಯ ಮೇಲೆ ನಿಂತಿತ್ತು. ಆ ತಂಡವನ್ನು ಗೇಮ್ ತಯಾರಿಸುವ ವಾಲ್ವ್ ಸಂಸ್ಥೆ ಕೆಲಸಕ್ಕೆ ಸೇರಿಸಿಕೊಂಡಿತು, ಅದೇ ಕಲ್ಪನೆ 2007ರಲ್ಲಿ ಪೋರ್ಟಲ್ ಎಂಬ ಗೇಮ್ ಆಗಿ ಹೊರಬಂತು. ಒಂದು ಕಲ್ಪನೆಯನ್ನು ಹಿಡಿದು ಕೊನೆಮುಟ್ಟಿಸುವ ಅಂಥ ಸಣ್ಣ ಗೇಮ್‌ಗಳಿಗೆ ಗೊಡೊದಲ್ಲಿ ಇರುವಷ್ಟು ಸಲಕರಣೆ ಧಾರಾಳವಾಯಿತು.

ಪರವಾನಗಿಯ ವಿಷಯದಲ್ಲಿ ಒಂದು ಸಣ್ಣ ಕರ್ತವ್ಯವಿದೆ. ಗೇಮ್ ಪೂರ್ತಿಯಾಗಿ ತಂಡದ್ದೇ, ಮಾರಿದರೂ ಎಂಜಿನ್ನಿಗೆ ಪಾಲು ಕೊಡಬೇಕಿಲ್ಲ, ಆದರೆ ಗೊಡೊದ ಎಂಐಟಿ ಪರವಾನಗಿಯ ಒಕ್ಕಣೆಯನ್ನು ಗೇಮಿನ ಕ್ರೆಡಿಟ್ಸ್ ಪರದೆಯಲ್ಲೋ ಜೊತೆಗಿಟ್ಟ ಕಡತದಲ್ಲೋ ನಮೂದಿಸಲೇಬೇಕು. ಹೊರಗಿನಿಂದ ತಂದ ಚಿತ್ರ, ಸಂಗೀತ, ಫಾಂಟುಗಳಿಗೂ ತಮ್ಮ ತಮ್ಮ ಷರತ್ತುಗಳಿರುತ್ತವೆ. ಆದ್ದರಿಂದ ಕ್ರೆಡಿಟ್ಸ್ ಸೀನನ್ನೂ ಆರಂಭದಲ್ಲೇ ಒಬ್ಬರ ಹೆಸರಿಗೆ ವಹಿಸಿ, ಸಾಮಗ್ರಿ ಸೇರಿದ ಹಾಗೆಲ್ಲ ಅಲ್ಲಿ ಒಂದೊಂದು ಸಾಲು ಸೇರಿಸುತ್ತ ಬರುವುದು ಸೂಕ್ತ.