ವೀಣೆ ಮೀಟುವ ಬೆರಳಿಗೆ ಕೃತಕ ಉಗುರು: ಮೂರು ವರ್ಷ ಬಳಸಿದ ಮೇಲೆ

ಮೈಸೂರಿನಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುತ್ತೇನೆ. ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಉಗುರು ನನಗೆ ವಾದ್ಯದ ಒಂದು ಭಾಗವೇ ಸರಿ. ತಾಳದ ತಂತಿಗೆ ಕಿರುಬೆರಳೂ ಬೇಕು. ನಲವತ್ತು ದಾಟಿದ ಮೇಲೆ ಈ ಮೂರೂ ಉಗುರುಗಳು ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಏಳತೊಡಗಿದವು. ತಂತಿ ಮೀಟಲು ಬೆರಳಿಗೆ ತೊಡುವ ಲೋಹದ ಮಿಜ್ರಾಬ್ ಹಾಕಿ ನೋಡಿದೆ. ನಾದ ಜೋರಾಯಿತು, ಆದರೆ ಬೆರಳಿಗೂ ತಂತಿಗೂ ನಡುವೆ ಯಾರೋ ಕುಳಿತಂತಾಯಿತು. ಹೀಗಾಗಿ 2021ರ ನವೆಂಬರಿನಲ್ಲಿ ಕೃತಕ ಉಗುರಿನ ಮೊರೆ ಹೋದೆ.

ಮೊದಲು ಹಾಕಿಸಿದ್ದು ಅಕ್ರಿಲಿಕ್. ದ್ರವದಲ್ಲಿ ಅದ್ದಿದ ಕುಂಚವನ್ನು ಪುಡಿಯಲ್ಲಿ ಹೊರಳಿಸಿ, ಆ ಮುದ್ದೆಯನ್ನು ಉಗುರಿನ ಮೇಲೆ ಹರಡುತ್ತಾರೆ. ಗಾಳಿಯಲ್ಲೇ ಗಟ್ಟಿಯಾಗುತ್ತದೆ. ವಾಸನೆ ಮಾತ್ರ ತಲೆ ಸುತ್ತಿಸುವಷ್ಟು ಗಾಢ. ಎಲ್ಲಿಯಾದರೂ ಹಾಕಿಸುವ ಮುನ್ನ ಒಂದು ಪ್ರಶ್ನೆ ಕೇಳಿಯೇ ಕೇಳಿ: ದ್ರವ ಎಂಎಂಎಯೋ, ಇಎಂಎಯೋ? ಎಂಎಂಎ ಅಂದರೆ ಮೀಥೈಲ್ ಮೆಥಾಕ್ರಿಲೇಟ್, ಇಎಂಎ ಅಂದರೆ ಈಥೈಲ್ ಮೆಥಾಕ್ರಿಲೇಟ್. ಉಗುರಿಗೆ ಬಳಸುವ ಅಪ್ಪಟ ಎಂಎಂಎ ದ್ರವದ ವಿರುದ್ಧ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1970ರ ದಶಕದಲ್ಲೇ ಕ್ರಮ ಕೈಗೊಂಡಿತ್ತು. ಅದು ಅಗ್ಗ, ಕಲ್ಲಿನಷ್ಟು ಗಟ್ಟಿ. ಉಗುರುಬಣ್ಣ ತೆಗೆಯುವ ಅಸಿಟೋನಿಗೂ ಸುಲಭವಾಗಿ ಕರಗುವುದಿಲ್ಲ. ಎಲ್ಲಿಯಾದರೂ ತಗುಲಿದರೆ ತಾನು ಮುರಿಯುವ ಬದಲು ನಮ್ಮ ಉಗುರನ್ನೇ ಕಿತ್ತುಕೊಂಡು ಬರಬಹುದು. ನನಗೆ ಹಾಕಿದ್ದು ಇಎಂಎ. ತೊಂದರೆ ಏನೂ ಆಗಲಿಲ್ಲ, ಆದರೆ ನಾದ ಕರ್ಕಶವಾಗಿತ್ತು. ನಾಲ್ಕು ತಿಂಗಳಿಗೆ ಬಿಟ್ಟೆ.

ನಂತರ ಎರಡು ವರ್ಷ ಜೆಲ್. ಇದಕ್ಕೆ ನೇರಳಾತೀತ (ಯುವಿ) ದೀಪದ ಬೆಳಕು ಬೇಕು; ಬೆಳಕು ಬಿದ್ದರೆ ಮಾತ್ರ ಗಟ್ಟಿಯಾಗುತ್ತದೆ. ಮೂರು ವಾರಕ್ಕೊಮ್ಮೆ ಹೋಗಿ ಬುಡದಲ್ಲಿ ಬೆಳೆದ ಜಾಗ ತುಂಬಿಸಿಕೊಳ್ಳುತ್ತಿದ್ದೆ, ಮೂರು ಬೆರಳಿಗೆ 400 ರೂಪಾಯಿ. ನಾದ ನನ್ನ ಸ್ವಂತ ಉಗುರಿಗೆ ತೀರಾ ಹತ್ತಿರವಿತ್ತು. ಒಂದು ಗಂಟೆ ತಾನ ನುಡಿಸಿದರೂ ಅಂಚು ಸವೆಯುತ್ತಿರಲಿಲ್ಲ. ಹಾಕುತ್ತಿದ್ದ ಹುಡುಗಿಯ ಕೈ ಒಳ್ಳೆಯದು: ಜೆಲ್ ಚರ್ಮಕ್ಕೆ ತಾಕಿದರೆ ದೀಪ ಹಚ್ಚುವ ಮೊದಲೇ ಕಡ್ಡಿಯಿಂದ ಒರೆಸುತ್ತಿದ್ದಳು. ಅದು ಎಷ್ಟು ದೊಡ್ಡ ಎಚ್ಚರಿಕೆಯೆಂದು ನನಗೆ ಆಮೇಲೆ ತಿಳಿಯಿತು.

ಈ ಅವಧಿಯಲ್ಲಿ ಒಮ್ಮೆ, 2023ರ ಮಳೆಗಾಲದಲ್ಲಿ, ತಪ್ಪು ನನ್ನಿಂದಲೇ ಆಯಿತು. ನಡುಬೆರಳಿನ ಜೆಲ್ ಒಂದು ಮೂಲೆಯಲ್ಲಿ ಎದ್ದಿತ್ತು. ಕಛೇರಿ ಹತ್ತಿರವಿದ್ದುದರಿಂದ ಅಂಟು ಹಾಕಿ ಒತ್ತಿಬಿಟ್ಟೆ. ಹತ್ತು ದಿನ ಕಳೆದು ತೆಗೆಸಿದಾಗ ಉಗುರಿನ ಮೇಲೆ ಪಾಚಿ ಬಣ್ಣದ ಕಲೆ. ಸಂದಿಯಲ್ಲಿ ನೀರು ನಿಂತು ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಶಿಷ್ಯೆಯೊಬ್ಬಳು ನರ್ಸ್. ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ ಎಂದು ಆಕೆ ಹೇಳಿದಳು. ಎದ್ದ ಉಗುರನ್ನು ಅಂಟಿಸಬೇಡಿ, ತೆಗೆಸಿ.

2024ರಲ್ಲಿ ಪಾರ್ಲರ್ ದೂರವಾಯಿತೆಂದು ಅಂಗೈಯಗಲದ ದೀಪವಿರುವ ಮನೆಬಳಕೆಯ ಕಿಟ್ ತರಿಸಿದೆ. ಈ ವಿಮರ್ಶೆ ಬರೆಯಲು ಕುಳಿತದ್ದೇ ಅದಕ್ಕಾಗಿ. ಎಡಗೈಯಲ್ಲಿ ಬಲಗೈಗೆ ಹಚ್ಚಿಕೊಳ್ಳುವಾಗ ಜೆಲ್ ಚರ್ಮಕ್ಕೆ ಹರಿಯದೆ ಇರುವುದಿಲ್ಲ. ದೀಪ ಆ ಜೆಲ್‌ಗೆ ಹೊಂದದಿದ್ದರೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಹಸಿ ಉಳಿಯುತ್ತದೆ. ನಾಲ್ಕನೆಯ ಸಲಕ್ಕೆ ಬೆರಳ ತುದಿ ತುರಿಸಿತು, ಸಣ್ಣ ನೀರುಗುಳ್ಳೆಗಳೆದ್ದು ಚರ್ಮ ಸುಲಿಯಿತು. ಕಣ್ಣಿನ ರೆಪ್ಪೆಯೂ ಊದಿಕೊಂಡು ಉರಿಯುತ್ತಿತ್ತು. ಕಾಡಿಗೆ ಬದಲಿಸಿದೆ, ಸೋಪು ಬದಲಿಸಿದೆ. ಕಡೆಗೆ ಚರ್ಮದ ವೈದ್ಯರು ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, 48 ಗಂಟೆಯ ನಂತರ ತೆಗೆದು, ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಿದರು. ಉಗುರಿನ ಜೆಲ್ಲುಗಳಲ್ಲಿ ಬಳಸುವ ಹೀಮಾ ಎಂಬ ಮೆಥಾಕ್ರಿಲೇಟಿಗೆ ಅಲರ್ಜಿ. ಉಗುರು ಮುಟ್ಟಿದ ಕೈ ಕಣ್ಣಿಗೆ ಹೋಗುವುದರಿಂದ ರೆಪ್ಪೆಯಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಂತೆ. "ಇದು ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದಮ್ಮ. ಹಲ್ಲು ತುಂಬಿಸುವಾಗ ದಂತವೈದ್ಯರಿಗೆ ಮರೆಯದೆ ಹೇಳಿ" ಎಂದರು. ಹಲ್ಲಿಗೆ ತುಂಬುವ ವಸ್ತುವಿನಲ್ಲೂ ಇದೇ ಕುಟುಂಬದ ರಾಸಾಯನಿಕಗಳಿರುತ್ತವೆ. ಐರೋಪ್ಯ ಒಕ್ಕೂಟದಲ್ಲಿ ಹೀಮಾ ಇರುವ ಉಗುರಿನ ಜೆಲ್ ವೃತ್ತಿಪರರ ಬಳಕೆಗೆ ಮಾತ್ರ. ಜೆಲ್ ಗಟ್ಟಿಯಾಗಿಸಲು ಸೇರಿಸುವ ಟಿಪಿಒ ಎಂಬ ವಸ್ತುವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದ್ದಾರೆ. ನನ್ನ ಕಿಟ್ಟಿನ ಡಬ್ಬಿಯಲ್ಲಿ ಒಳಗೇನಿದೆ ಎಂಬ ಪಟ್ಟಿಯೇ ಇರಲಿಲ್ಲ. ಇದನ್ನು ಹದಿನಾರರ ಹುಡುಗಿಯರು ಕೊಳ್ಳುತ್ತಿದ್ದಾರೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ತೆಗೆಸುವುದೂ ಒಂದು ಕೆಲಸವೇ. ಅಸಿಟೋನಿನಲ್ಲಿ ನೆನೆಸಿದ ಹತ್ತಿಯನ್ನು ಇಟ್ಟು, ಫಾಯಿಲ್ ಸುತ್ತಿ, ಹತ್ತು ಹದಿನೈದು ನಿಮಿಷ ಕಾದು, ಮೆತ್ತಗಾದದ್ದನ್ನು ಮರದ ಕಡ್ಡಿಯಿಂದ ಸರಿಸಬೇಕು. ನಾನು ತೆಗೆಸಲು ಹೋದ ದಿನ ದಸರೆಯ ಗದ್ದಲ, ಸಿಕ್ಕಿದ ಪಾರ್ಲರಿನಲ್ಲಿ ಕುಳಿತೆ. ಅಲ್ಲಿ ನೆನೆಸಲಿಲ್ಲ, ತಿರುಗುವ ಯಂತ್ರದ ಅರ ಹಿಡಿದು ಉಜ್ಜಿದರು. "ಮೇಡಂ, ಬಿಸಿಯಾದರೆ ಹೇಳಿ" ಎನ್ನುವಷ್ಟರಲ್ಲಿ ತೋರುಬೆರಳಿನ ಬುಡದಲ್ಲಿ ಅಡ್ಡಕ್ಕೆ ಕೆಂಪು ಗೆರೆಯೊಂದು ಕೊರೆದಿತ್ತು. ಸಾರಿನ ಬಿಸಿಯೂ ಆ ಉಗುರಿನ ಮೂಲಕ ಚುರುಕ್ಕೆನ್ನುತ್ತಿತ್ತು.

ಆ ಗೆರೆಯನ್ನು ನಾನು ದಿನವೂ ನೋಡಿದ್ದೇನೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ದೀಪಾವಳಿಗೆ ಗೆರೆ ಉಗುರಿನ ಬುಡದ ಬಿಳಿ ಅರ್ಧಚಂದ್ರದ ಅಂಚು ದಾಟಿತ್ತು, ಸಂಕ್ರಾಂತಿಗೆ ನಡುವಿನಲ್ಲಿತ್ತು, ಯುಗಾದಿಯ ಹೊತ್ತಿಗೆ ತುದಿಗೆ ಬಂದು ಕತ್ತರಿಸಿಹೋಯಿತು. ನಮಗೆ ಕಾಣುವ ಉಗುರು ಸತ್ತ ಜೀವಕೋಶಗಳ ಕೆರಾಟಿನ್ ಫಲಕ. ಹಾಳಾದ ಭಾಗ ವಾಸಿಯಾಗುವುದಿಲ್ಲ, ಬೆಳೆದು ಆಚೆ ಹೋಗಬೇಕು. ನಡುನಡುವೆ "ಉಗುರಿಗೆ ಉಸಿರಾಡಲು ಬಿಡಬೇಕು" ಎನ್ನುವ ಮಾತಿಗೂ ಅರ್ಥವಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಬುಡದ ರಕ್ತದಿಂದ ಬರುತ್ತದೆ. ಆ ಬುಡವನ್ನು ಕಾಯುವ ತೆಳು ಚರ್ಮದ ಅಂಚನ್ನು, ಅಂದರೆ ಕ್ಯೂಟಿಕಲ್ಲನ್ನು, ಕತ್ತರಿಸಬೇಡಿ. ಅದು ಹರಿದರೆ ಉಗುರುಸುತ್ತಿಗೆ ಬಾಗಿಲು ತೆರೆದಂತೆ.

ನನ್ನ ಉಗುರು ಸೀಳುತ್ತಿದ್ದುದಕ್ಕೆ ಮೂಲ ಕಾರಣ ಪಾತ್ರೆ ತೊಳೆಯುವುದು ಎಂದರು ವೈದ್ಯರು. ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು, ದಿನಕ್ಕೆ ಹತ್ತು ಸಲ. ಈಗ ಕೈಗವಸು ಹಾಕಿ ತೊಳೆಯುತ್ತೇನೆ, ರಾತ್ರಿ ಬುಡಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ಗಾಜಿನ ಅರದಲ್ಲಿ ಒಂದೇ ದಿಕ್ಕಿಗೆ ಉಜ್ಜುತ್ತೇನೆ. ಗೆಳತಿ ಹೇಳಿದಳೆಂದು ನುಂಗುತ್ತಿದ್ದ ಬಯೋಟಿನ್ ಮಾತ್ರೆಯನ್ನು ನಿಲ್ಲಿಸಿದೆ. ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ಅದು ತಪ್ಪಾಗಿ ತೋರಿಸಬಲ್ಲದು.

ಪಳಗಿದ ಕೈಯಿಂದ ಹಾಕಿಸಿ, ನೆನೆಸಿಯೇ ತೆಗೆಸಿದ ಜೆಲ್‌ಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಆ ಎರಡು ವರ್ಷ ಅದರಿಂದಲೇ ನುಡಿಸಿದ್ದೇನೆ. ಅಕ್ರಿಲಿಕ್‌ಗೆ ಎರಡು. ಮನೆಬಳಕೆಯ ಕಿಟ್‌ಗೆ ಒಂದನ್ನೂ ಕೊಡುವುದಿಲ್ಲ.

ಈಗ ಮೂರು ಬೆರಳಲ್ಲೂ ನನ್ನದೇ ಉಗುರು, ತುದಿಯಿಂದ 2 ಮಿಲಿಮೀಟರ್ ಆಚೆಗಿದೆ. ಮೊದಲ ತಂತಿಯಾದ ಸಾರಣಿಯ ನಾದ ತುಂಬಿ ಬರುತ್ತದೆ. ಅತಿ ತಗ್ಗಿನ ಸ್ವರದ ಅನುಮಂದ್ರ ತಂತಿಯಲ್ಲಿ ಮಾತ್ರ ಇನ್ನೂ ಸ್ವಲ್ಪ ಮೆತ್ತಗೆ. ಕಛೇರಿ ಇರುವ ದಿನ ನಡುಬೆರಳಿಗೆ ಹಳೆಯ ಮಿಜ್ರಾಬ್ ಹಾಕಿಕೊಳ್ಳುತ್ತೇನೆ.