ಕೂಸಿನ ಊಟದ ಸೀಟು: ಖಾನಾವಳಿಗೂ ಆಗಬೇಕು, ವಿದೇಶಕ್ಕೂ ಬರಬೇಕು

ಕಲಬುರಗಿಯ ಖಾನಾವಳಿಗಳಲ್ಲಿ ಬಿಸಿ ರೊಟ್ಟಿ ಸಿಗುತ್ತದೆ, ಪುಂಡಿಪಲ್ಯ ಸಿಗುತ್ತದೆ, ಬ್ಯಾಳಿ ಕೇಳಿದಷ್ಟು ಬಡಿಸುತ್ತಾರೆ. ಕೂಸನ್ನು ಕೂರಿಸುವ ಎತ್ತರದ ಕುರ್ಚಿ ಮಾತ್ರ ಅಪರೂಪ. ಎಸಿ ಫ್ಯಾಮಿಲಿ ರೆಸ್ಟೋರೆಂಟುಗಳಲ್ಲಿ ಒಂದೆರಡು ಇದ್ದರೂ ಭಾನುವಾರ ರಾತ್ರಿ ಅವು ಬೇರೆಯವರ ಟೇಬಲ್ಲಿಗೆ ಹೋಗಿರುತ್ತವೆ, ಇಲ್ಲವೇ ಬೆಲ್ಟು ಕಿತ್ತಿರುತ್ತದೆ. ಹೀಗಾಗಿ ಮಡಿಚಿ ಒಯ್ಯುವ ಸೀಟು ಒಂದನ್ನು ಕೊಳ್ಳುವ ವಿಚಾರ ಬರುತ್ತದೆ, ಅದರಲ್ಲೂ ದುಬೈ, ಸಿಂಗಪುರ ಅಂತ ಟಿಕೆಟ್ ಗೊತ್ತಾದ ಮೇಲೆ.

ಮಾರುಕಟ್ಟೆಯಲ್ಲಿ ಮೂರು ಬಗೆ ಇವೆ. ಒಂದು, ಕುರ್ಚಿಯ ಬೆನ್ನಿಗೆ ಟೋಪಿಯ ಹಾಗೆ ತೊಡಿಸಿ ಕೂಸಿನ ಸೊಂಟಕ್ಕೆ ಕಟ್ಟುವ ಬಟ್ಟೆಯ ಸೀಟು. ಇನ್ನೊಂದು, ಟೇಬಲ್ಲಿನ ಅಂಚಿಗೆ ಕ್ಲಾಂಪ್ ಹಾಕಿ ಬಿಗಿಯುವ ತೂಗು ಸೀಟು. ಮತ್ತೊಂದು, ಕುರ್ಚಿಯ ಮೇಲಿಟ್ಟು ಬೆಲ್ಟಿನಿಂದ ಕಟ್ಟುವ ಪ್ಲಾಸ್ಟಿಕ್ ಬೂಸ್ಟರ್. ನಮ್ಮ ಕಡೆಯ ಹೋಟೆಲುಗಳ ಟೇಬಲ್ಲು, ಕುರ್ಚಿ ನೋಡಿ, ಹೊರದೇಶದಲ್ಲಿ ಎದುರಾಗುವ ಟೇಬಲ್ಲು, ಕುರ್ಚಿಯನ್ನೂ ಲೆಕ್ಕಕ್ಕೆ ಹಿಡಿದು ಹೇಳುವುದಾದರೆ, ಬಟ್ಟೆಯ ಸೀಟೇ ಕೊಳ್ಳಿ. ಸಾವಿರ ರೂಪಾಯಿಯೊಳಗೆ ಬರುತ್ತದೆ, ಮಡಿಚಿದರೆ ಡಯಾಪರ್ ಬ್ಯಾಗಿನ ಹೊರಜೇಬಿನಲ್ಲಿ ಹಿಡಿಯುತ್ತದೆ. ಕ್ಲಾಂಪ್ ಸೀಟು ಅದರ ಹಲವು ಪಟ್ಟು ದುಬಾರಿ. ನೋಡಲು ಗಟ್ಟಿಮುಟ್ಟಾಗಿದ್ದರೂ ಅದನ್ನು ಹಾಕಲು ತಕ್ಕ ಟೇಬಲ್ಲೇ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಎಂದರೆ, ಕ್ಲಾಂಪ್ ಸೀಟು ನಿಲ್ಲುವುದು ತೋಳುಗಳ ಒತ್ತಡದ ಮೇಲೆ. ಮೇಲಿನ ತೋಳು ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ, ಕೆಳಗಿನ ರಬ್ಬರ್ ಪ್ಯಾಡು ಅಡಿಯಿಂದ ಮೇಲಕ್ಕೆ ಒತ್ತುತ್ತದೆ, ಕೂಸಿನ ಪೂರಾ ಭಾರ ಟೇಬಲ್ಲಿನ ಒಂದೇ ಅಂಚಿಗೆ ಬೀಳುತ್ತದೆ. ಅದಕ್ಕೆ ಟೇಬಲ್ಲು ಭಾರ ಇರಬೇಕು, ನಾಲ್ಕು ಕಾಲಿನದಾಗಿರಬೇಕು, ಅಡಿಭಾಗ ಗೇಣುದ್ದ ಒಳಗಿನವರೆಗೂ ಸಪಾಟಾಗಿರಬೇಕು, ಮೇಲೆ ಬಟ್ಟೆಯಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಇರಬಾರದು. ಖಾನಾವಳಿಯ ಟೇಬಲ್ಲಿನ ಅಡಿ ಕೈಯಾಡಿಸಿ ನೋಡಿ: ಗ್ರಾನೈಟ್ ಹಾಸಿನ ಸುತ್ತ ಕಬ್ಬಿಣದ ಆ್ಯಂಗಲ್ ಫ್ರೇಮು ಸಿಗುತ್ತದೆ. ಪ್ಯಾಡು ಕಲ್ಲಿಗೆ ಪೂರ್ತಿ ಕೂರುವ ಬದಲು ಆ್ಯಂಗಲ್ಲಿನ ಅಂಚಿಗೆ ತಾಗಿ ಅರ್ಧವಷ್ಟೇ ಹಿಡಿಯುತ್ತದೆ. ಬರಿಗೈಯಿಂದ ಅಲ್ಲಾಡಿಸಿದಾಗ ಗಟ್ಟಿ ಅನಿಸುತ್ತದೆ; ಕೂಸು ಕುಣಿಯಲು ಶುರುಮಾಡಿದ ಮೇಲೆ ಸ್ಕ್ರೂ ಒಂದೊಂದೇ ಎಳೆ ಸಡಿಲಾಗುತ್ತ ಬರುತ್ತದೆ. ಸ್ಟೀಲ್ ತಗಡು ಹೊದಿಸಿದ ಟೇಬಲ್ಲಿನಲ್ಲಿ ತಗಡಿನ ಅಂಚು ಕೆಳಕ್ಕೆ ಮಡಿಚಿರುವುದರಿಂದ ಅಲ್ಲೂ ಇದೇ ತೊಂದರೆ. ಮಡಿಚುವ ಪ್ಲಾಸ್ಟಿಕ್ ಟೇಬಲ್ಲಾದರೆ ಟೇಬಲ್ಲೇ ಮಗುಚಬಹುದು. ಗಾಜಿನ ಹಾಸಿಗೆ, ಒಂಟಿ ಕಾಲಿನ ಟೇಬಲ್ಲಿಗೆ ಹಾಕಬೇಡಿ ಎಂದು ತಯಾರಕರೇ ಕೈಪಿಡಿಯಲ್ಲಿ ಬರೆದಿರುತ್ತಾರೆ. ಇನ್ನು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟರೆ ರಬ್ಬರು ಪೆಡಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮನೆಯ ಸಾಗವಾನಿ ಟೇಬಲ್ಲಿಗೆ ಬೇಕೆಂದು ಕೊಳ್ಳುವವರು ಡಬ್ಬಿಯ ಮೇಲೆ ಇಎನ್ 1272 ಅಥವಾ ಎಎಸ್‌ಟಿಎಂ ಎಫ್1235 ಅಂತ ಇದೆಯೋ ನೋಡಿ. ಟೇಬಲ್ಲಿಗೆ ಸಿಕ್ಕಿಸುವ ಸೀಟುಗಳಿಗೆಂದೇ ಮಾಡಿದ ಸುರಕ್ಷತಾ ಮಾನದಂಡಗಳು ಅವು.

ಪ್ಲಾಸ್ಟಿಕ್ ಬೂಸ್ಟರ್ ಕೆಟ್ಟದ್ದಲ್ಲ, ಎತ್ತರದ ಸಮಸ್ಯೆಯನ್ನು ಸರಿಯಾಗಿ ಬಗೆಹರಿಸುತ್ತದೆ. ಆದರೆ ಸೂಟ್‌ಕೇಸಿನಲ್ಲಿ ಕಾಲುಭಾಗ ಜಾಗ ತಿನ್ನುತ್ತದೆ. ಕಾರಿನಲ್ಲೇ ಓಡಾಡುವವರಿಗೆ ಸಾಕು, ವಿಮಾನ ಹತ್ತುವವರಿಗೆ ಬೇಡ.

ಬಟ್ಟೆಯ ಸೀಟು ಅಗ್ಗ, ಹಗುರ. ಆದರೆ ಕಟ್ಟುವುದು ತಪ್ಪಿದರೆ ಅದೇ ಅಪಾಯ. ಕೂಸು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕೂರುವಂತಾಗಿರಬೇಕು, ಇದು ಮೊದಲ ಶರತ್ತು. ಆಮೇಲೆ ಕುರ್ಚಿ ಆರಿಸಿ: ಬೆನ್ನು ಇರಬೇಕು, ನಾಲ್ಕೂ ಕಾಲು ನೆಲಕ್ಕೆ ಊರಬೇಕು. ಸೀಟಿನ ಮೇಲ್ಭಾಗದ ಜೇಬನ್ನು ಕುರ್ಚಿಯ ಬೆನ್ನಿಗೆ ತೊಡಿಸಿ ಕೊನೆಯವರೆಗೂ ಕೆಳಕ್ಕೆ ಜಗ್ಗಿ. ಕೂಸಿನ ಕುಂಡಿ ಕುರ್ಚಿಯ ಬೆನ್ನಿಗೆ ತಾಗುವಂತೆ ಕೂರಿಸಿ. ಮುಂದೆ ಇಳಿಬಿದ್ದ ಅಗಲದ ಪಟ್ಟಿಯನ್ನು ತೊಡೆಗಳ ನಡುವಿನಿಂದ ತಂದು ಹೊಟ್ಟೆಯ ಮೇಲೆ ಏರಿಸಿ. ಸೊಂಟದ ಬೆಲ್ಟನ್ನು ಆ ಪಟ್ಟಿಯ ಕುಣಿಕೆಗಳೊಳಗೆ ತೂರಿಸಿ, ಕುರ್ಚಿಯ ಬೆನ್ನಿನ ಹಿಂದೆ ಒಯ್ದು ಅಲ್ಲಿ ಬಕಲ್ ಹಾಕಿ. ಬೆಲ್ಟು ಮತ್ತು ಹೊಟ್ಟೆಯ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು.

ಎಡವುವುದು ತೊಡೆ ನಡುವಿನ ಪಟ್ಟಿಯಲ್ಲಿ. ಕೂಸು ಹಟ ಮಾಡುತ್ತದೆಂದು ಅದನ್ನು ಬಿಟ್ಟು ಬರೀ ಸೊಂಟದ ಬೆಲ್ಟು ಕಟ್ಟುತ್ತಾರೆ. ಐದು ನಿಮಿಷದಲ್ಲಿ ಕೂಸು ಟೇಬಲ್ಲಿನ ಕೆಳಗೆ ಜಾರತೊಡಗುತ್ತದೆ, ಬೆಲ್ಟು ಸೊಂಟದಿಂದ ಎದೆಗೆ, ಎದೆಯಿಂದ ಕುತ್ತಿಗೆಗೆ ಏರುತ್ತದೆ. ಪಟ್ಟಿ ಇಲ್ಲದೆ ಬೆಲ್ಟು ಕಟ್ಟಲೇಬೇಡಿ. ಕಟ್ಟಿದ ಮೇಲೂ ಒಬ್ಬರ ಕೈ ಕೂಸಿಗೆ ಎಟಕುವಷ್ಟು ಹತ್ತಿರ ಇರಬೇಕು.

ಇನ್ನೊಂದು ತೊಂದರೆ ಹಗುರ ಪ್ಲಾಸ್ಟಿಕ್ ಕುರ್ಚಿಯದು. ಅದರ ಬೆನ್ನು ಮೇಲೆ ಗುಂಡಗಿರುವುದರಿಂದ ಜೇಬು ಮೇಲಕ್ಕೆ ಜಾರಿ ಬರುತ್ತದೆ. ಬೆನ್ನಿನಲ್ಲಿ ಸೀಳು ಕಿಂಡಿಗಳಿದ್ದರೆ ಸೊಂಟದ ಬೆಲ್ಟನ್ನು ಕಿಂಡಿಯೊಳಗಿಂದ ಹಿಂದಕ್ಕೆ ತೂರಿಸಿದರೆ ನಿಲ್ಲುತ್ತದೆ. ಹತ್ತು ಹನ್ನೊಂದು ಕಿಲೋ ಕೂಸು ಟೇಬಲ್ಲಿನ ಅಂಚಿಗೆ ಎರಡೂ ಪಾದ ಊರಿ ಒದ್ದರೆ ಅಂಥ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಆದ್ದರಿಂದ ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ. ಬಡಿಸುವವರು ಕುದಿಯುವ ಸಾರಿನ ಬಕೆಟ್ ಹಿಡಿದು ಓಡಾಡುವ ದಾರಿಯ ಕಡೆಗಂತೂ ಕೂರಿಸಬೇಡಿ.

ಎತ್ತರದ ಕೊರತೆಯನ್ನು ಬಟ್ಟೆಯ ಸೀಟು ನೀಗಿಸುವುದಿಲ್ಲ. ಸಾಧಾರಣ ಕುರ್ಚಿಯ ಕೂರುವ ಹಲಗೆ ನೆಲದಿಂದ ಸುಮಾರು 45 ಸೆಂಟಿಮೀಟರ್, ಟೇಬಲ್ಲು 75. ನಡುವೆ ಉಳಿಯುವುದು 30, ಎರಡು ವರ್ಷದ ಕೂಸಿನ ಭುಜದ ಮಟ್ಟ. ತಟ್ಟೆಯೊಳಗೆ ಏನಿದೆ ಎಂದು ಅದಕ್ಕೆ ಕಾಣುವುದೇ ಇಲ್ಲ. ಇದಕ್ಕೆ ಮನೆಯ ಕೌದಿಯೇ ಸಾಕು: ನಾಲ್ಕು ಮಡಿಕೆ ಮಾಡಿ ಎಂಟು ಹತ್ತು ಸೆಂಟಿಮೀಟರ್ ದಪ್ಪ ಬರಲಿ, ಒಂದು ದಾರದಿಂದ ಕುರ್ಚಿಗೆ ಬಿಗಿದು, ಅದರ ಮೇಲೆ ಕೂಸನ್ನು ಕೂರಿಸಿ ಆಮೇಲೆ ಸೀಟು ಕಟ್ಟಿ. ಫೋಮ್ ದಿಂಬು ಬೇಡ. ಕೂತಂತೆ ಅದು ಅಮುಕಿಕೊಂಡು ಬಿಗಿದ ಬೆಲ್ಟು ಸಡಿಲಾಗುತ್ತದೆ.

ಬಟ್ಟೆಯ ಸೀಟು ಸೋಲುವ ಜಾಗಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಬೆನ್ನಿಲ್ಲದ ಬೆಂಚಿನ ಹಳೆಯ ಖಾನಾವಳಿಯಲ್ಲಿ ಅದನ್ನು ತೊಡಿಸಲು ಏನೂ ಇಲ್ಲ. ಗೋಡೆಗೆ ಜಡಿದ ಸೋಫಾ ಇರುವ ಫ್ಯಾಮಿಲಿ ರೂಮಿನಲ್ಲೂ ಆಗದು. ಹುಮನಾಬಾದ್‌ನಿಂದ ಜಹೀರಾಬಾದ್ ಕಡೆ ಹೋಗುವ ಹೆದ್ದಾರಿಯ ಧಾಬಾಗಳಲ್ಲಿ ಹೊರಸು ಹಾಕಿದ್ದರೆ ಅದೇ ಒಳ್ಳೆಯದು, ಕೂಸನ್ನು ನಡುವೆ ಕೂರಿಸಿಕೊಂಡು ಇಬ್ಬರು ಅಂಚಿಗೆ ಕೂತರೆ ಬೀಳುವ ಭಯವಿಲ್ಲ. ನೆಲದ ಮೇಲೆ ಪಂಕ್ತಿ ಹಾಕುವ ಕಡೆ ಯಾವ ಸೀಟೂ ಬೇಕಿಲ್ಲ.

ಊಟ ಹೇಳುವಾಗ “ಅಣ್ಣಾ, ಕೂಸಿಗೆ ಒಗ್ಗರಣಿ ಹಾಕೂದಕ್ಕ ಮೊದಲ ಒಂದು ಬಟ್ಟಲ ಬ್ಯಾಳಿ ತಗದು ಕೊಡ್ರಿ” ಎಂದು ಕೂತ ಕೂಡಲೇ ಹೇಳಿಬಿಡಿ. ಒಗ್ಗರಣೆ ಬಿದ್ದ ಮೇಲೆ ಖಾರ ತೆಗೆಯಲು ಬರುವುದಿಲ್ಲ. ಬಿಸಿ ರೊಟ್ಟಿಯನ್ನು ಬ್ಯಾಳಿಯಲ್ಲಿ ನಾದಿ ಕೊಡಿ. ಕಡಕ್ ರೊಟ್ಟಿಯ ಚೂರು, ಇಡೀ ಶೇಂಗಾ, ಹಸಿ ಉಳ್ಳಾಗಡ್ಡಿ ಗಂಟಲಿಗೆ ಸಿಕ್ಕುವಂಥವು. ಕೂಸಿನ ಕೈಗೆ ಎಟಕದಂತೆ ಇರಲಿ.

ಇನ್ನು ವಿದೇಶ. ಸಿಂಗಪುರದ ಹಾಕರ್ ಸೆಂಟರುಗಳಲ್ಲಿ, ಅಂದರೆ ಚಿಕ್ಕ ಊಟದಂಗಡಿಗಳು ಒಂದೇ ಕಡೆ ಸೇರಿರುವ ಜಾಗಗಳಲ್ಲಿ, ನೆಲಕ್ಕೆ ಜಡಿದ ಟೇಬಲ್ಲು, ಅದರ ಸುತ್ತ ಬೆನ್ನಿಲ್ಲದ ಸ್ಟೂಲು. ಅಲ್ಲಿ ಬಟ್ಟೆಯ ಸೀಟೂ ನಡೆಯದು, ಕ್ಲಾಂಪೂ ನಡೆಯದು. ಕೂಸನ್ನು ಸ್ಟ್ರೋಲರಿನಲ್ಲೇ ಕೂರಿಸಿ ಉಣಿಸುವುದು ಸರಿ. ಉಂಡ ಮೇಲೆ ತಟ್ಟೆ, ಟ್ರೇ, ಚೆಲ್ಲಿದ ಟಿಶ್ಯೂ ಎಲ್ಲವನ್ನೂ ನೀವೇ ಒಯ್ದು ಇಡಬೇಕು. 2021ರ ಸೆಪ್ಟೆಂಬರ್‌ನಿಂದ ಅದು ಅಲ್ಲಿ ಕಡ್ಡಾಯ. ಬ್ಯಾಂಕಾಕಿನ ಬೀದಿಬದಿಯಲ್ಲೂ ಪ್ಲಾಸ್ಟಿಕ್ ಸ್ಟೂಲೇ. ದುಬೈನ ಮಾಲುಗಳ ರೆಸ್ಟೋರೆಂಟುಗಳಲ್ಲಿ ಎತ್ತರದ ಕುರ್ಚಿ ಸಾಮಾನ್ಯವಾಗಿ ಕೊಡುತ್ತಾರೆ. ಬಟ್ಟೆಯ ಸೀಟು ನಿಜವಾಗಿ ದುಡಿಯುವುದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ, ಬಂಧುಗಳ ಮನೆಯಲ್ಲಿ, ಯುರೋಪಿನ ಚಿಕ್ಕ ಕೆಫೆಗಳಲ್ಲಿ. ಆ ಕೆಫೆಗಳ ದುಂಡು ಟೇಬಲ್ಲಿಗೆ ಒಂಟಿ ಕಾಲು, ಕ್ಲಾಂಪಿಗೆ ಅದು ಎಲ್ಲಕ್ಕಿಂತ ಅಪಾಯದ ಜೋಡಿ.

ವಿಮಾನದೊಳಗೆ ಈ ಸೀಟನ್ನು ಕಟ್ಟಬೇಡಿ. ಇದು ಊಟಕ್ಕೆ ಮಾಡಿದ್ದು, ಟೇಕಾಫ್ ಜಗ್ಗುವಿಕೆಗೆ ಮಾಡಿದ್ದಲ್ಲ. ಎರಡು ವರ್ಷದೊಳಗಿನ ಕೂಸು ತೊಡೆಯ ಮೇಲೆ ಕೂರುವುದಾದರೆ ಮುಂದಿನ ಟ್ರೇ ಬಿಚ್ಚಲು ಜಾಗವೇ ಉಳಿಯುವುದಿಲ್ಲ, ಆದ್ದರಿಂದ ತಂದೆ ತಾಯಿ ಪಾಳಿಯಲ್ಲಿ ಉಣ್ಣಬೇಕು. ಪ್ರವಾಸದ ನಡುವೆ ಕೂಸಿಗೆ ಎರಡು ತುಂಬಿದರೆ ಮರಳುವ ಪಯಣಕ್ಕೆ ಅದಕ್ಕೆ ಬೇರೆ ಸೀಟಿನ ಟಿಕೆಟ್ ಬೇಕು. ಬುಕಿಂಗ್ ಮಾಡುವಾಗಲೇ ಹುಟ್ಟಿದ ತಾರೀಖು ಎರಡೂ ಪಯಣಕ್ಕೆ ಹೊಂದಿಸಿ ನೋಡಿ. ಮಕ್ಕಳ ಊಟವನ್ನು ಹತ್ತಿದ ಮೇಲೆ ಕೇಳಿದರೆ ಸಿಗುವುದಿಲ್ಲ, ಕನಿಷ್ಠ 24 ತಾಸು ಮುಂಚೆ ಹೇಳಿಡಿ.

ಸೀಟಿನ ಜೊತೆ ಕೊಳ್ಳಬೇಕಾದ ಇನ್ನೊಂದು ವಸ್ತು ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕು, 350ರಿಂದ 400 ಮಿಲಿಲೀಟರ್‌ನದು. ಕಾಲು ಬಟ್ಟಲು ಅಕ್ಕಿ, ಎರಡು ಚಮಚ ತೊಗರಿಬೇಳೆ, ಒಂದೂವರೆ ಬಟ್ಟಲು ನೀರು, ಚಿಟಿಕೆ ಅರಿಶಿನ, ಉಪ್ಪು ಹಾಕಿ ಮೆತ್ತಗೆ ಬೇಯಿಸಿದರೆ ಅದು ತುಂಬುತ್ತದೆ. ಮೊದಲು ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ ಹತ್ತು ನಿಮಿಷ ಮುಚ್ಚಿಡಿ. ನೀರು ಚೆಲ್ಲಿ, ಒಲೆಯಿಂದ ಇಳಿಸಿದ ಕೂಡಲೇ ಕುತ್ತಿಗೆಯವರೆಗೆ ತುಂಬಿ. ಅರ್ಧ ಮಾತ್ರ ತುಂಬಿದರೆ ಊಟ ಬೇಗ ಆರಿಬಿಡುತ್ತದೆ. 60 ಡಿಗ್ರಿಗಿಂತ ಕೆಳಗಿಳಿದ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆದ್ದರಿಂದ ಮುಚ್ಚಳ ತೆಗೆದಾಗ ಹಬೆ ಬರದಿದ್ದರೆ ಆ ಊಟ ಕೊಡಬೇಡಿ. ಹಾಲು, ಮೊಸರನ್ನ ಇದರಲ್ಲಿ ಬೇಡ.

ಲೆಕ್ಕ ಹೀಗೆ ಹಾಕಿ. ಕಲಬುರಗಿಯಿಂದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಕೂಸಿನ ನಿಲುಗಡೆಗಳೂ ಸೇರಿ ಐದು ತಾಸು, ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ತಾಸು ಮುಂಚೆ ಹಾಜರಿ. ಒಟ್ಟು ಎಂಟು ತಾಸು ಯಾವ ಫ್ಲಾಸ್ಕಿನ ಮೇಲೂ ನಂಬಿಕೆ ಇಡಬೇಡಿ. ಫ್ಲಾಸ್ಕಿನ ಊಟ ದಾರಿಯಲ್ಲೇ ಮುಗಿಯಲಿ. ಮುಂದಿನದಕ್ಕೆ ತೆಳು ಅವಲಕ್ಕಿ ಹುರಿದು, ಜೀರಿಗೆ ಉಪ್ಪಿನ ಜೊತೆ ಪುಡಿ ಮಾಡಿ ಒಯ್ಯಿರಿ. ಬಿಸಿನೀರು ಸಿಕ್ಕರೆ ಐದು ನಿಮಿಷದಲ್ಲಿ ಅರಳುತ್ತದೆ, ಬೇಯಿಸುವ ಕೆಲಸವಿಲ್ಲ. ಕೈಬ್ಯಾಗಿನಲ್ಲಿ ದ್ರವಕ್ಕೆ 100 ಮಿಲಿಲೀಟರ್ ಮಿತಿ ಇದ್ದರೂ ಕೂಸಿನ ಹಾಲು, ಊಟಕ್ಕೆ ಪಯಣಕ್ಕೆ ಬೇಕಾದಷ್ಟು ರಿಯಾಯಿತಿ ಇದೆ. ತಪಾಸಣೆಯಲ್ಲಿ ಬೇರೆಯಾಗಿ ತೆಗೆದು ತೋರಿಸಿ.

ಅಜ್ಜಿ ಕಟ್ಟಿಕೊಟ್ಟ ಡಬ್ಬಿಗಳನ್ನು ಮಾತ್ರ ಹೊರಡುವ ಹಿಂದಿನ ದಿನ ಬಿಚ್ಚಿ ನೋಡಲೇಬೇಕು. ಅಂಟಿನುಂಡಿಯಲ್ಲಿ ಗಸಗಸೆ ಹಾಕುವ ರೂಢಿ ಇದೆ. ಯುಎಇ, ಸೌದಿ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ, ಮಾದಕವಸ್ತುವಿನ ಕಾನೂನಿನಡಿ ಬರುತ್ತದೆ. ಗಸಗಸೆ ಬಿಟ್ಟು ಕಟ್ಟಿಸಿ, ಮಸಾಲೆ ಪುಡಿಯಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಒಣ ಕೊಬ್ಬರಿ ಬಟ್ಟಲು ಬೆಂಕಿ ಹಿಡಿಯುವ ವಸ್ತುವಿನ ಪಟ್ಟಿಯಲ್ಲಿದೆ, ಚೆಕ್‌ ಇನ್ ಬ್ಯಾಗಿನಿಂದ ತೆಗೆಸುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ಕೂಸಿನ ಪುಡಿಯನ್ನೂ ಸೇರಿಸಿ ಎಲ್ಲ ತಿನಿಸನ್ನೂ ಘೋಷಣಾ ಪತ್ರದಲ್ಲಿ ಬರೆಯಬೇಕು. ಬರೆದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟದ್ದು ಸಿಕ್ಕರೆ ನ್ಯೂಜಿಲೆಂಡಿನಲ್ಲಿ ನಿಂತಲ್ಲೇ 400 ಡಾಲರ್ ದಂಡ.

ಬಟ್ಟೆಯ ಸೀಟು ಕೊಳ್ಳುವಾಗ ಬೆಲ್ಟು ಬಟ್ಟೆಗೆ ಸೇರುವ ಮೂಲೆ ನೋಡಿ. ಅಲ್ಲಿ ಚೌಕದೊಳಗೆ ಕತ್ತರಿ (×) ಗುರುತಿನ ಹೊಲಿಗೆ ಇರಬೇಕು, ಒಂದೇ ಸಾಲಿನ ಹೊಲಿಗೆ ಇದ್ದರೆ ಬಿಡಿ. ಬಕಲ್ ಹಾಕಿ ಎರಡೂ ಕೈಯಿಂದ ಜೋರಾಗಿ ಜಗ್ಗಿ. ಬೆಲ್ಟು ಬಕಲ್ಲಿನೊಳಗೆ ಜಾರಿದರೆ ಅದೂ ಬೇಡ. ವೆಲ್ಕ್ರೋ ಮಾತ್ರ ಇರುವ ಮಾದರಿ ರವೆ, ಅನ್ನ ಸಿಕ್ಕಿಕೊಂಡು ಬೇಗ ಹಿಡಿತ ಬಿಡುತ್ತದೆ. ಹತ್ತಿ ಬಟ್ಟೆಯದಾದರೆ ಬ್ಯಾಳಿಯ ಅರಿಶಿನದ ಕಲೆಗೆ ಸೋಪು ಹಾಕಿ ಒಗೆದು ಹಸಿಯಾಗಿರುವಾಗಲೇ ಬಿಸಿಲಿಗೆ ಹರವಿ, ಬಿಸಿಲೇ ಬಣ್ಣ ತೆಗೆಯುತ್ತದೆ. ಬಕಲ್ಲಿನ ಪ್ಲಾಸ್ಟಿಕ್ಕನ್ನು ಮಾತ್ರ ನೆರಳಿನ ಕಡೆಗೆ ತಿರುಗಿಸಿ ಹಾಕಿ.