ಹಿರಿಯರೊಂದಿಗೆ ಪ್ರವಾಸಕ್ಕೆ ಫಿಫ್ತ್ ವೀಲ್ ಟ್ರೇಲರ್: ಇದ್ದು ನೋಡಿ ಬರೆದ ವಿಮರ್ಶೆ

ತೋರಣಗಲ್ಲಿನಿಂದ ಗದಗ ರಸ್ತೆ ಹಿಡಿದು ಉಕ್ಕಿನ ಕಾಯಿಲ್ ಹೊತ್ತು ಹುಬ್ಬಳ್ಳಿಗೆ ಬರುವ ಟ್ರೇಲರ್ ಲಾರಿಗಳನ್ನು ಹತ್ತಿರದಿಂದ ಕಂಡವರಿಗೆ ಫಿಫ್ತ್ ವೀಲ್ ಅಪರಿಚಿತವಲ್ಲ. ಎಂಜಿನ್ ಗಾಡಿಯ ಬೆನ್ನ ಮೇಲಿನ ಗ್ರೀಸ್ ಬಳಿದ ಉಕ್ಕಿನ ತಟ್ಟೆಯಲ್ಲಿ ಹಿಂದಿನ ಟ್ರೇಲರಿನ ಕಿಂಗ್ ಪಿನ್ ಎಂಬ ಉಕ್ಕಿನ ಗೂಟ ಬಂದು ಸಿಕ್ಕಿಕೊಳ್ಳುವ ಆ ಜೋಡಣೆಯನ್ನೇ ಅಮೆರಿಕದಲ್ಲಿ ಪಿಕಪ್ ಗಾಡಿಗೆ ಅಳವಡಿಸಿ, ಅದಕ್ಕೆ ಒಂದು ಮನೆಯನ್ನೇ ಕಟ್ಟಿ ಎಳೆಯುತ್ತಾರೆ. ಟೆಕ್ಸಾಸಿನಲ್ಲಿರುವ ಮಗಳು ಮತ್ತು ಅಳಿಯಂದಿರು ಕೊಂಡಿರುವ ಇಂಥದೊಂದು ಟ್ರೇಲರಿನಲ್ಲಿ ನಾನೂ ನನ್ನ ಹೆಂಡತಿಯೂ ಅವರೊಂದಿಗೆ ಸಾಕಷ್ಟು ಕಾಲ ಇದ್ದು ಬಂದೆವು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿದ್ದು, ಅಪ್ಪ-ಅವ್ವ ಬಂದಾಗ ಊರು ತೋರಿಸಲು ಯಾವ ಗಾಡಿ ಕೊಳ್ಳಬೇಕೆಂದು ಯೋಚಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಒಂದೇ ಕಡೆ ವಾರಗಟ್ಟಲೆ ತಂಗುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮೋಟರ್‌ಹೋಮಿನಲ್ಲಿ ಎಂಜಿನ್ನೂ ಮನೆಯೂ ಒಂದೇ ಆಗಿರುವುದರಿಂದ, ಕಾಯಿಪಲ್ಲೆ ತರಬೇಕೆಂದರೂ ಇಡೀ ಮನೆಯನ್ನು ಹೊರಡಿಸಬೇಕು, ಇಲ್ಲವೇ ಹಿಂದೆ ಇನ್ನೊಂದು ಕಾರನ್ನು ಎಳೆದುಕೊಂಡೇ ತಿರುಗಬೇಕು. ಎಂಜಿನ್ ಕೆಟ್ಟು ಗ್ಯಾರೇಜು ಸೇರಿದರೆ ಮಲಗುವ ಜಾಗವೂ ಅದರೊಂದಿಗೆ ಹೋಗುತ್ತದೆ. ಸಾಮಾನ್ಯ ಟ್ರಾವೆಲ್ ಟ್ರೇಲರ್ ಅಗ್ಗವಾದದ್ದು, ಚಿಕ್ಕದನ್ನು ದೊಡ್ಡ ಎಸ್‌ಯುವಿ ಕೂಡ ಎಳೆಯುತ್ತದೆ. ಆದರೆ ಅದರ ಕೊಂಡಿ ಗಾಡಿಯ ಹಿಂಬದಿಯ ಬಂಪರಿನ ಕೆಳಗೆ, ಹಿಂದಿನ ಆಕ್ಸಲ್‌ನಿಂದ ದೂರದಲ್ಲಿರುವುದರಿಂದ, ಅಡ್ಡಗಾಳಿ ಬೀಸಿದಾಗ ಅಥವಾ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಬಾಲ ಅತ್ತಿತ್ತ ಹೊಯ್ದಾಡುವ ಸಂಭವ ಹೆಚ್ಚು. ಫಿಫ್ತ್ ವೀಲಿನಲ್ಲಿ ಪಿನ್ ಹಿಂದಿನ ಆಕ್ಸಲ್‌ನ ನೇರ ಮೇಲೆ ಅಥವಾ ತುಸು ಮುಂದೆ ಕೂರುತ್ತದೆ. ಈ ಒಂದೇ ಕಾರಣಕ್ಕೆ ಓಟದಲ್ಲಿ ಸ್ಥಿರತೆಯೂ ತಿರುವಿನಲ್ಲಿ ಹಿಡಿತವೂ ಬರುತ್ತವೆ. ತಂಗುದಾಣದಲ್ಲಿ ಕೊಂಡಿ ಬಿಚ್ಚಿದ ಮೇಲೆ ಪಿಕಪ್ ನಿತ್ಯದ ಓಡಾಟಕ್ಕೆ ಸಿಗುತ್ತದೆ.

ಒಳಗಿನ ಅನುಕೂಲ ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಟ್ರೇಲರಿನ ಮುಂಭಾಗ ಪಿಕಪ್ಪಿನ ಮೇಲೆ ಚಾಚಿಕೊಂಡಿರುವುದರಿಂದ ಅಲ್ಲಿ ಮಲಗುವ ಕೋಣೆ ಬರುತ್ತದೆ, ಕೆಳಗಿನ ಭಾಗದಲ್ಲಿ ಎತ್ತರದ ಸೂರು ಉಳಿಯುತ್ತದೆ. ನಿಲ್ಲಿಸಿದ ಮೇಲೆ ಗೋಡೆಯ ಭಾಗಗಳು ಹೊರಕ್ಕೆ ಸರಿದು ಪಡಸಾಲೆಯೇ ತೆರೆದುಕೊಳ್ಳುತ್ತದೆ. ಗ್ಯಾಸ್ ಒಲೆ, ದೊಡ್ಡ ಫ್ರಿಜ್, ಅಗಲವಾದ ಕಟ್ಟೆ ಇದ್ದ ಆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಜೋಳದ ರೊಟ್ಟಿಯನ್ನು ಬಡಿದೇ ಮಾಡಿದಳು. ಇಕ್ಕಟ್ಟಿನ ವ್ಯಾನಿನಲ್ಲಿ ಅದು ಆಗುವ ಮಾತಲ್ಲ.

ಕೊಳ್ಳುವವರು ಟ್ರೇಲರಿಗಿಂತ ಮೊದಲು ನೋಡಬೇಕಾದದ್ದು ಪಿಕಪ್ಪನ್ನು. ಎಳೆಯುವ ಸಾಮರ್ಥ್ಯದ ದೊಡ್ಡ ಅಂಕಿಯನ್ನಷ್ಟೇ ನೋಡಿ ವ್ಯವಹಾರ ಮುಗಿಸುವುದು ಅಪಾಯಕರ. ಟ್ರೇಲರಿನ ತೂಕದ ಶೇ. 15ರಿಂದ 25ರಷ್ಟು ಭಾರ ಪಿನ್ನಿನ ಮೂಲಕ ನೇರವಾಗಿ ಪಿಕಪ್ಪಿನ ಮೇಲೆ ಬೀಳುತ್ತದೆ. ಸುಮಾರು 5,400 ಕಿಲೊ ತೂಗುವ ಟ್ರೇಲರ್ ಎಂದರೆ, ಶೇ. 20ರ ಲೆಕ್ಕದಲ್ಲಿ 1,080 ಕಿಲೊ. ಅದರ ಮೇಲೆ ಕುಳಿತವರ ತೂಕ, ಕೊಂಡಿಯ ತೂಕ ಬೇರೆ. ಫೋರ್ಡ್ ಎಫ್-150ಯಂಥ, ಅರ್ಧ ಟನ್ ಎಂದು ಕರೆಯುವ ಹಗುರ ವರ್ಗದ ಪಿಕಪ್ ಗಾಡಿಗಳು ಇದನ್ನು ಸಾಮಾನ್ಯವಾಗಿ ತಾಳುವುದಿಲ್ಲ. ಎಫ್-350 ಅಥವಾ ರ‍್ಯಾಮ್ 3500ರಂಥ, ಹೆಚ್ಚು ಭಾರ ಹೊರುವ ಪಿಕಪ್ ಇದ್ದರೆ ಒಳ್ಳೆಯದು. ನಿಮ್ಮ ಗಾಡಿ ಎಷ್ಟು ಹೊರಬಲ್ಲದೆಂಬುದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಮಾರುವವರ ಮಾತಿಗಿಂತ ಅದನ್ನೇ ನಂಬಿರಿ. ಪಿಕಪ್ಪಿನ ಹಿಂದಿನ ತೊಟ್ಟಿ ಗಿಡ್ಡವಾಗಿದ್ದರೆ ತೀವ್ರ ತಿರುವಿನಲ್ಲಿ ಟ್ರೇಲರಿನ ಮೂಲೆ ಕ್ಯಾಬಿನ್ನಿಗೆ ತಗಲಬಹುದು. ಅಂಥ ಗಾಡಿಗೆ ಹಿಂದಕ್ಕೆ ಸರಿಯುವ ಕೊಂಡಿ ಹಾಕಿಸಬೇಕಾಗಬಹುದು.

ದಿನಕ್ಕೊಂದು ಊರು ಸುತ್ತುವವರಿಗೆ ಇದನ್ನು ಹೇಳಲಾರೆ. ಅವರಿಗೆ ಚಿಕ್ಕ ಮೋಟರ್‌ಹೋಮೇ ಸರಿ. ಎತ್ತರ ಹದಿಮೂರು ಅಡಿಯ ಆಸುಪಾಸು ಇರುವುದರಿಂದ ತಗ್ಗು ಸೇತುವೆಗಳಿರುವ ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು. ಓಡುವಾಗ ಟ್ರೇಲರಿನೊಳಗೆ ಕೂರುವುದಕ್ಕೆ ಅನೇಕ ರಾಜ್ಯಗಳಲ್ಲಿ ನಿಷೇಧವಿದೆ, ಆದ್ದರಿಂದ ಹಿರಿಯರೂ ಪಿಕಪ್ಪಿನಲ್ಲೇ ಕೂರಬೇಕು. ಇನ್ನು ಮಲಗುವ ಕೋಣೆಗೂ ಬಚ್ಚಲಿಗೂ ಬಹುತೇಕ ವಿನ್ಯಾಸಗಳಲ್ಲಿ ಒಳಗೇ ಮೆಟ್ಟಿಲು ಹತ್ತಬೇಕಾಗುತ್ತದೆ; ಪಡಸಾಲೆಯ ಸೋಫಾದಲ್ಲಿ ಮಲಗುವ, ಮೊಣಕಾಲು ನೋವಿರುವ ಹಿರಿಯರಿಗೆ ರಾತ್ರಿ ಅದು ನಿಜವಾದ ಕಷ್ಟ. ಹಿಂಭಾಗದಲ್ಲಿ ಎರಡನೆಯ ಶೌಚಾಲಯವಿರುವ ಮಾದರಿಗಳೂ ಸಿಗುತ್ತವೆ. ಅಪ್ಪ-ಅವ್ವ ಬರುವ ಮನೆಯವರು, ಬೆಲೆ ಸ್ವಲ್ಪ ಹೆಚ್ಚಾದರೂ, ಅಂಥದನ್ನೇ ಹುಡುಕಿ ಕೊಳ್ಳುವುದು ಒಳ್ಳೆಯದು.